ಕೂಡಿಸುವ ಮಾತುಗಳ ಶ್ರೀಕಂಠಣ್ಣ

ವಿಶಾಖಪಟ್ಟಣದ ಕನ್ನಡ ಸಂಘದವರು ತಮ್ಮ ಸ್ಮರಣ ಸಂಚಿಕೆಗೆ ಅಣ್ಣನ ಬಗ್ಗೆ ಒಂದು ಪುಟ ಬರೆದುಕೊಡಿ ಎಂದು ಕೇಳಿದರು. ಮಾದರಿಗೆ ಹಳೆಯ ಸಂಚಿಕೆಯನ್ನೂ ಕಳಿಸಿದ್ದರು. ಅದರಲ್ಲಿ ಸತ್ತವರೆಲ್ಲರೂ ಸರಳ ಸಜ್ಜನರು, ಮಿತಭಾಷಿಗಳು, ಅಜಾತಶತ್ರುಗಳು. ಓದಿ ನಗು ಬಂತು. ನಮ್ಮಣ್ಣ ಶ್ರೀಕಂಠ ಮಿತಭಾಷಿಯಂತೂ ಅಲ್ಲವೇ ಅಲ್ಲ. ಒಂದು ಪುಟದಲ್ಲಿ ಮುಗಿಯುವವನೂ ಅಲ್ಲ. ಅವರು ಅಚ್ಚು ಹಾಕಲಿ ಬಿಡಲಿ, ನನಗೆ ತೋಚಿದಂತೆ ಬರೆಯುತ್ತೇನೆ.

ನಮ್ಮದು ತಿಪಟೂರು. ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ನನಗೆ ಒಂಬತ್ತು ವರ್ಷವಾಗಿದ್ದಾಗ ಅವರು ಹೋದರು, ಎರಡು ವರ್ಷಕ್ಕೆ ಅಮ್ಮನೂ ಹೋದಳು. ನನಗಿಂತ ಹನ್ನೆರಡು ವರ್ಷ ದೊಡ್ಡವನಾದ ಅಣ್ಣ ಆಗತಾನೇ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ. ಶಾರದತ್ತಿಗೆ ಮದುವೆಯಾಗಿ ಬಂದದ್ದು ಗಂಡನ ಜೊತೆಗೆ ಒಂದು ನಾದಿನಿಯನ್ನೂ ಸಾಕಲಿಕ್ಕೆ. ಅವರಿಗೆ ಮಕ್ಕಳಾಗಲಿಲ್ಲ. ಆ ಮನೆಯಲ್ಲಿ ಮಗಳ ಜಾಗವೂ ನನ್ನದೇ ಆಯಿತು.

ಅಣ್ಣ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮೊದಲ ಸಲ ಆಫೀಸರ್ ಬಡ್ತಿಯ ಸಂದರ್ಶನಕ್ಕೆ ಹೋದಾಗ ಅಲ್ಲಿದ್ದ ದೊಡ್ಡ ಮನುಷ್ಯರೊಬ್ಬರು, ಚಿಕ್ಕ ಬ್ಯಾಂಕೊಂದು ದೊಡ್ಡ ಬ್ಯಾಂಕಿನ ಜೊತೆ ಸೇರಿದರೆ ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ಕೇಳಿದರಂತೆ. ಅಣ್ಣನಿಗೆ ಹೊಳೆಯಲಿಲ್ಲ. ಗಾಬರಿಯಲ್ಲಿ "ಮ್ಯಾರೇಜ್ ಸರ್" ಅಂದುಬಿಟ್ಟ. ಮೇಜಿನ ಆಚೆ ಕೂತಿದ್ದ ನಾಲ್ಕೂ ಜನ ಹೊಟ್ಟೆ ಹಿಡಿದು ನಕ್ಕರು. ಬಡ್ತಿ ಸಿಗಲಿಲ್ಲ. ಮನೆಗೆ ಬಂದವನು ಊಟ ಮಾಡದೆ ಕೂತ. ಮಾರನೆಯ ದಿನ ಉದ್ದನೆಯ ರೂಲು ಪುಸ್ತಕವೊಂದನ್ನು ತಂದು, ಇಂಗ್ಲಿಷಿನಲ್ಲಿ ಸೇರುವುದಕ್ಕೆ, ಕೂಡುವುದಕ್ಕೆ, ಬೆಸೆಯುವುದಕ್ಕೆ ಎಷ್ಟು ಮಾತುಗಳಿವೆಯೋ ಅಷ್ಟನ್ನೂ ಬರೆಯತೊಡಗಿದ. ಎದುರಿಗೆ ಕನ್ನಡದ ಅರ್ಥ, ಅದರ ಕೆಳಗೆ ಒಂದು ಉದಾಹರಣೆ. ಛಲ ಅಂದರೆ ಛಲ. ಮೂರು ವರ್ಷದ ಮೇಲೆ ಬಡ್ತಿಯೂ ಸಿಕ್ಕಿತು, ಅದರ ಹಿಂದೆಯೇ ವಿಶಾಖಪಟ್ಟಣಕ್ಕೆ ವರ್ಗವೂ ಆಯಿತು. ಅದು ಎಂಬತ್ತೆರಡನೇ ಇಸವಿ.

ವೈಜಾಗಿನಲ್ಲಿ ನಾವಿದ್ದದ್ದು ಅಕ್ಕಯ್ಯಪಾಲೆಂನ ಒಂದು ಮಹಡಿ ಮನೆ. ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ಕರ್ನಾಟಕದಿಂದ ವರ್ಗವಾಗಿ ಬಂದ ಗುಮಾಸ್ತರೆಲ್ಲ ಬಡ್ತಿ ಪರೀಕ್ಷೆಗೆಂದು ಅಣ್ಣನ ಹತ್ತಿರ ಇಂಗ್ಲಿಷ್ ಕಲಿಯಲು ಬರುತ್ತಿದ್ದರು. ಅಣ್ಣ ಪಂಚೆ ಎತ್ತಿ ಕಟ್ಟಿ ಶುರು ಮಾಡುವನು.

"ನೋಡ್ರಪ್ಪಾ, ಜಾಯಿನ್ ಅಂದ್ರೆ ಬರೀ ಸೇರೋದು. ಹೊಸ ಬ್ರಾಂಚಿಗೆ ಹೋಗೋದೂ ಜಾಯಿನ್ನೇ, ಮುರಿದ ಮೂಳೆ ಕೂಡೋದೂ ಜಾಯಿನ್ನೇ. ಮರ್ಜ್ ಹಾಗಲ್ಲ. ಇಲ್ಲಿನ ಅನಕಾಪಲ್ಲಿ ಬೆಲ್ಲ ಬಿಸಿ ಹಾಲಿಗೆ ಬಿತ್ತು ಅಂತಿಟ್ಕೊಳ್ಳಿ, ಆಮೇಲೆ ಬೆಲ್ಲ ಎಲ್ಲಿ ಅಂತ ಹುಡುಕಿದ್ರೆ ಸಿಗತ್ತಾ? ಅದು ಮರ್ಜ್. ಅದೇ ಬೆಲ್ಲಾನ ನಮ್ಮ ತಿಪಟೂರು ಕೊಬ್ಬರಿ ಜೊತೆ ಬಾಯಿಗೆ ಹಾಕ್ಕೊಳ್ಳಿ. ಬೆಲ್ಲ ಬೆಲ್ಲಾನೇ, ಕೊಬ್ಬರಿ ಕೊಬ್ಬರೀನೇ, ಆದ್ರೂ ಎರಡೂ ಸೇರಿ ಒಂದು ರುಚಿ. ಅದು ಯೂನಿಯನ್. ಮದುವೆಗೆ ಯೂನಿಯನ್ ಅಂತಾರೆಯೇ ಹೊರತು ಮರ್ಜರ್ ಅನ್ನಲ್ಲ, ತಿಳೀತಾ?"

ಕಾಫಿ ಲೋಟ ಹಿಡಿದು ಬಂದ ಅತ್ತಿಗೆ, "ಬೆಲ್ಲ, ಕೊಬ್ಬರಿ ಎರಡೂ ಖಾಲಿಯಾಗ್ತಿರೋದು ನನ್ನ ಡಬ್ಬದಿಂದ. ಅದಕ್ಕೆ ಇಂಗ್ಲಿಷಲ್ಲಿ ಏನಂತಾರೋ ಅದನ್ನೂ ಬರ್ಕೊಳ್ಳಿ" ಅನ್ನುವಳು. ತಾರಸಿಯೆಲ್ಲ ನಗು.

ಈ ವಿದ್ಯೆಯಿಂದ ಅಣ್ಣನಿಗೆ ಇನ್ನೊಂದು ಕೆಲಸವೂ ಅಂಟಿಕೊಂಡಿತು. ಆ ಊರಿನ ಕನ್ನಡದವರಿಗೂ ತೆಲುಗಿನವರಿಗೂ ಹೆಣ್ಣು ಗಂಡು ಕೊಟ್ಟು ತರುವುದು ಆಗ ಶುರುವಾಗಿತ್ತು. ಆದರೆ ಪತ್ರ ವ್ಯವಹಾರ ಹೇಗೆ? ಇವರಿಗೆ ತೆಲುಗು ಬರೆಯಲು ಬಾರದು, ಅವರಿಗೆ ಕನ್ನಡ ಓದಲು ಬಾರದು. ನಡುವೆ ಇಂಗ್ಲಿಷೇ ಗತಿ. ಇಂಗ್ಲಿಷಿನಲ್ಲಿ ಸಂಬಂಧದ ಕಾಗದ ಬರೆಯುವುದೆಂದರೆ ಹುಡುಗಾಟವೇ! ಜಾತಕ ಕೇಳಬೇಕು, ಆದರೆ ಆತುರ ಕಾಣಬಾರದು. ಹುಡುಗಿಯ ಬಣ್ಣ ಹೇಳಬೇಕು, ಸುಳ್ಳಾಗಬಾರದು. ಎಲ್ಲರೂ ಅಣ್ಣನ ಹತ್ತಿರ ಬರುವರು. ಅಣ್ಣ ಬರೆಯುವನು, ನಾನು ಹಳೆಯ ಟೈಪ್‌ರೈಟರಿನಲ್ಲಿ ಟೈಪು ಮಾಡುವೆನು. ನಾನು ಆಗ ಟೈಪಿಂಗಿನ ಹೈಯರ್ ಪಾಸು ಮಾಡಿದ್ದೆ. ಏನೇನು ಮಾತು ಹಾಕುತ್ತಿದ್ದ ಮಹಾರಾಯ! ಎರಡು ಮನೆತನಗಳ ಅಲಯನ್ಸ್, ಎರಡು ಜೀವಗಳ ಯೂನಿಯನ್, ಎಂದಿಗೂ ಸಡಿಲವಾಗದ ಬಾಂಡ್. ಐದು ವರ್ಷದಲ್ಲಿ ಹನ್ನೊಂದು ಮದುವೆಗಳು ಅವನ ಕಾಗದದಿಂದ ನಡೆದವು. ಅವನನ್ನು ಇಂಗ್ಲಿಷ್ ಪುರೋಹಿತರು ಎಂದು ಜನ ಕರೆಯುತ್ತಿದ್ದರು. ಅವನಿಗೂ ಅದು ಒಳಗೊಳಗೇ ಹಿತವಾಗಿತ್ತು.

ಎಂಬತ್ತೇಳರ ಜೂನ್ ತಿಂಗಳಲ್ಲಿ ನನ್ನ ಸರದಿ ಬಂತು. ನನಗೆ ಆಗ ಇಪ್ಪತ್ತನಾಲ್ಕು. ಅಣ್ಣನ ಬ್ಯಾಂಕಿನಲ್ಲಿದ್ದ ದುರ್ಗಾಪ್ರಸಾದ್ ಎಂಬವರು ಈ ಸಂಬಂಧ ತಂದರು. ಬೆಜವಾಡದ ಹುಡುಗ, ಹೆಸರು ರಾಮಮೋಹನ್. ಅಪ್ಪ ನಿವೃತ್ತ ಹೆಡ್‌ಮಾಸ್ಟರು, ತಾಯಿ ರಾಜ್ಯಲಕ್ಷ್ಮಿ. ಹುಡುಗ ರೈಲ್ವೆಯಲ್ಲಿ ಬೋಗಿಗಳ ಪರೀಕ್ಷೆ ಮಾಡುವ ವಿಭಾಗದಲ್ಲಿ ಮೇಲ್ವಿಚಾರಕ. ತಂದೆ, ತಾಯಿ, ಮಗ ಮೂವರೂ ನಮ್ಮ ಮನೆಗೆ ಬಂದರು. ನಾನು ಉಪ್ಪಿಟ್ಟು ತಂದಿಟ್ಟು ಚಾಪೆಯ ತುದಿಯಲ್ಲಿ ಕೂತೆ.

ಅಣ್ಣನಿಗೆ ರೈಲ್ವೆಯವನು ಸಿಕ್ಕಿದ್ದೇ ತಡ, ಹೆಣ್ಣು ನೋಡುವ ಶಾಸ್ತ್ರ ಮರೆತೇ ಹೋಯಿತು. "ನಿಮ್ಮಲ್ಲಿ ಕಪ್ಲಿಂಗ್ ಅಂತಾರಲ್ಲ, ಅದನ್ನ ಹೇಗೆ ಮಾಡ್ತಾರೆ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ರಾಮಮೋಹನ್ ಎರಡು ಕೈಗಳನ್ನೂ ಎದುರುಬದುರು ತಂದು ತೋರಿಸಿದರು. ಮೊದಲು ಎರಡು ಬೋಗಿಗಳನ್ನು ಮೆಲ್ಲಗೆ ತಾಕಿಸಬೇಕಂತೆ. ಆಮೇಲೆ ಕೊಂಡಿ ಹಾಕಬೇಕು. ಅಷ್ಟಕ್ಕೇ ಬಿಡಬಾರದು, ಆಳೊಬ್ಬ ಇಳಿದು ಹೋಗಿ ಕೊಂಡಿ ಸರಿಯಾಗಿ ಕೂತಿದೆಯೇ ಎಂದು ಕೈಯಾರೆ ಮುಟ್ಟಿ ನೋಡಿ ಬರಬೇಕು. ಅಣ್ಣ ಒಳಗೆ ಹೋಗಿ ಪುಸ್ತಕ ತಂದು ಅಲ್ಲೇ ಬರೆದುಕೊಂಡ. ಅತ್ತಿಗೆ ಹಣೆ ಚಚ್ಚಿಕೊಂಡಳು. ರಾಜ್ಯಲಕ್ಷ್ಮಮ್ಮನವರು ಸೆರಗು ಬಾಯಿಗೆ ಹಿಡಿದು ನಕ್ಕರು.

ಹೊರಡುವ ಮುಂಚೆ ರಾಮಮೋಹನ್ ನನ್ನ ಕಡೆ ತಿರುಗಿ, ಯಾರಿಂದಲೋ ಬಾಯಿಪಾಠ ಮಾಡಿಕೊಂಡು ಬಂದಿದ್ದ ಕನ್ನಡದಲ್ಲಿ, ಕೊನೆಗೆ ತೆಲುಗಿನ ಮರ್ಯಾದೆಯ ಮಾತೊಂದನ್ನು ಅಂಟಿಸಿ, "ನೀವು ಏನಾದರೂ ಕೇಳಬೇಕಾ ಅಂಡಿ?" ಅಂದರು. ನನಗೆ ಮೈಯೆಲ್ಲ ಬೆಚ್ಚಗಾಯಿತು. ಅದುವರೆಗೆ ನೋಡಲು ಬಂದ ಯಾವ ಗಂಡೂ ನನ್ನನ್ನು ಏನನ್ನೂ ಕೇಳಿರಲಿಲ್ಲ. ಕೇಳಬೇಕಾದ್ದು ನೂರಿತ್ತು. ತಲೆ ಅಲ್ಲಾಡಿಸಿ ಇಲ್ಲ ಅಂದೆ. ನನಗೆ ಅವರು ಒಪ್ಪಿಗೆಯಾಗಿದ್ದರು, ಇದನ್ನು ಈಗ ಬರೆಯಲು ನನಗೆ ನಾಚಿಕೆಯಿಲ್ಲ. ಆಗ ಅತ್ತಿಗೆಗೂ ಬಾಯಿಬಿಟ್ಟು ಹೇಳಲಿಲ್ಲ.

ಹೆಡ್‌ಮಾಸ್ಟರು "ಊರಿಗೆ ಹೋಗಿ ಬರೆಯುತ್ತೇವೆ" ಅಂದರು. ಮರುವಾರವೇ ಆಷಾಢ ಬಂತು. ಆಷಾಢದಲ್ಲಿ ಮದುವೆಯ ಮಾತಿಲ್ಲ, ಅದು ಎರಡೂ ಕಡೆಗೆ ಗೊತ್ತಿದ್ದದ್ದೇ. ತಿಂಗಳು ಕಾದೆವು. ಶ್ರಾವಣ ಬಂತು, ವರಮಹಾಲಕ್ಷ್ಮೀ ಹಬ್ಬವೂ ಆಯಿತು. ಕಾಗದವಿಲ್ಲ. ದುರ್ಗಾಪ್ರಸಾದ್ ಅವರಿಗೆ ಅಷ್ಟರಲ್ಲಿ ನೆಲ್ಲೂರಿಗೆ ವರ್ಗವಾಗಿ, ನಡುವೆ ನಿಂತು ಕೇಳುವವರೂ ಇರಲಿಲ್ಲ.

ಆ ವರ್ಷ ಆಷಾಢದ ಬೆನ್ನಿಗೇ ಶುಕ್ರಾಸ್ತವಿತ್ತು. ಶುಕ್ರ ಸೂರ್ಯನ ಹತ್ತಿರ ಹೋಗಿ ಕಣ್ಣಿಗೆ ಕಾಣದಂತಾಗುವ ದಿನಗಳವು. ತೆಲುಗಿನವರು ಅದನ್ನು ಮೂಢಂ ಅನ್ನುತ್ತಾರೆ. ಪಂಚಾಂಗದಲ್ಲಿ ಅದು ಅಣ್ಣನಿಗೂ ಕಂಡಿತ್ತು. "ಮುಹೂರ್ತಕ್ಕೆ ತಾನೇ ಅಸ್ತ? ಅಂಚೆಪೆಟ್ಟಿಗೆಗೆ ಯಾವ ಅಸ್ತ? ಒಪ್ಪಿಗೆ ಇದೆ ಅಂತ ಒಂದು ಕಾರ್ಡು ಬರೆಯೋಕೆ ಶುಕ್ರ ಬೇಕಾ?" ಅಂದ. ನಮ್ಮ ಕಡೆ ಹಾಗೆಯೇ. ಲಗ್ನ ಇಡುವುದಿಲ್ಲ, ಆದರೆ ಮಾತು ನಿಲ್ಲಿಸುವುದಿಲ್ಲ. ಬೆಜವಾಡದ ಆ ಮನೆಯಲ್ಲಿ ಮೂಢಂ ಅಂದರೆ ಶುಭದ ಮಾತನ್ನು ಕಾಗದದ ಮೇಲೆ ಇಡುವುದೇ ಇಲ್ಲ ಎನ್ನುವುದು ನಮಗೆ ಹೇಗೆ ಗೊತ್ತಾಗಬೇಕು? ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ.

ಅತ್ತಿಗೆ ಒಂದೇ ಸಮನೆ ಹೇಳಿದಳು. "ರೀ, ಬೆಳಿಗ್ಗೆ ರೈಲು ಹತ್ತಿದ್ರೆ ಮಧ್ಯಾಹ್ನಕ್ಕೆಲ್ಲ ಬೆಜವಾಡ. ಕನಕದುರ್ಗಮ್ಮನ ದರ್ಶನಕ್ಕೆ ಬಂದಿದ್ವಿ ಅಂತ ಹೇಳಿ ಒಂದ್ಸಲ ಅವರ ಮನೇಗೆ ಹೋಗ್ಬನ್ನಿ."

"ಹೆಣ್ಣಿನ ಕಡೆಯವರು ಬೆನ್ನು ಹತ್ತಿ ಹೋದ್ರೆ ಬೆಲೆ ಉಳಿಯತ್ತೇನೇ? ಅಪ್ಪ ಇಲ್ಲದ ಹುಡುಗಿ, ಹೇಗಾದ್ರೂ ಸಾಗಹಾಕ್ತಿದಾರೆ ಅನ್ಕೊಳ್ಳಲ್ವಾ?" ಅಂದ ಅಣ್ಣ.

ಮನೆಗೆ ಮಾರಿ ಊರಿಗೆ ಉಪಕಾರಿ ಅಂತ ಗಾದೆ. ಊರಿನವರ ಹೆಣ್ಣುಮಕ್ಕಳಿಗೆ ಅಷ್ಟು ಒನಪಿನ ಕಾಗದ ಬರೆದವನು ತನ್ನ ತಂಗಿಗೆ ಬರೆಯಲು ಕೂತಾಗ ಶುದ್ಧ ಬ್ಯಾಂಕ್ ಆಫೀಸರನಾಗಿಬಿಟ್ಟ. ಅಲಯನ್ಸಿಲ್ಲ, ಯೂನಿಯನ್ನಿಲ್ಲ, ಒಂದು ಸಿಹಿ ಮಾತಿಲ್ಲ. ಮೇಲೆ ವಿಷಯ, ಕೆಳಗೆ ಉಲ್ಲೇಖ, ಆಮೇಲೆ ಇಂಥ ತಾರೀಖಿನ ಭೇಟಿಗೆ ಸಂಬಂಧಿಸಿದಂತೆ ಎಂದು ಶುರು. ಕೊನೆಗೆ, ಸಾಲ ಕೇಳಿ ಆಮೇಲೆ ಬಾರದ ಗಿರಾಕಿಗಳಿಗೆ ದಿನಾ ಬರೆಯುತ್ತಿದ್ದ ಸಾಲು ಇಲ್ಲಿಗೂ ಬಂತು. ಹದಿನೈದು ದಿನದೊಳಗೆ ನಿಮ್ಮಿಂದ ಉತ್ತರ ಬರದಿದ್ದಲ್ಲಿ ನಿಮಗೆ ಆಸಕ್ತಿಯಿಲ್ಲವೆಂದು ತಿಳಿದು ಈ ವಿಷಯವನ್ನು ಮುಕ್ತಾಯಗೊಳಿಸಲಾಗುವುದು.

ನಾನೇ ಟೈಪು ಮಾಡಿದೆ. ಮಾಡಿ ಕೊಟ್ಟಾಗ ಅಣ್ಣ ಕಾಗದವನ್ನು ಎರಡು ಸಲ ಓದಿದ. ಸಹಿ ಹಾಕಲು ಪೆನ್ನು ತೆಗೆದವನು ತಡೆದು, ನನ್ನ ಮುಖ ನೋಡಿದ.

"ಕೊನೇ ಸಾಲು ಸ್ವಲ್ಪ ಖಾರ ಆಯ್ತೇನೇ ಗಿರಿಜಾ? ತೆಗೆದುಬಿಡ್ಲಾ?"

ಅತ್ತಿಗೆ ಒಳಗೆ ಅಡುಗೆ ಮಾಡುತ್ತಿದ್ದಳು. ನಾವಿಬ್ಬರೇ ಇದ್ದೆವು. ನನ್ನ ಮನಸ್ಸಿನಲ್ಲಿ ಆಗ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಎರಡು ತಿಂಗಳು ಪ್ರತಿ ದಿನ ಅಂಚೆಯವನ ಸೈಕಲ್ ಗಂಟೆಗೆ ಕಿವಿಗೊಟ್ಟು ನಾನು ರೋಸಿಹೋಗಿದ್ದೆ. ಬೇಕಿದ್ದರೆ ಹದಿನೈದು ದಿನದಲ್ಲಿ ಓಡಿಬರಲಿ, ನನಗೇನು ಬೇರೆ ಗಂಡು ಸಿಗುವುದಿಲ್ಲವೇ ಎಂಬ ಹಮ್ಮು ಬಂತು. ಆ ಸಾಲನ್ನು ಟೈಪು ಮಾಡುವಾಗ ನನಗೆ ಖುಷಿಯೇ ಆಗಿತ್ತು.

"ಇರ್ಲಿ ಬಿಡಣ್ಣ. ಸರಿಯಾಗೇ ಇದೆ" ಅಂದೆ. ಅಣ್ಣ ಸಹಿ ಹಾಕಿದ.

ಹದಿನೈದು ದಿನವಾಯಿತು, ಇಪ್ಪತ್ತಾಯಿತು. ಬೆಜವಾಡದಿಂದ ಏನೂ ಬರಲಿಲ್ಲ. ಅಣ್ಣ ಒಂದು ಸಂಜೆ ಜಾತಕವನ್ನು ಮಡಿಸಿ ಬೀರುವಿನಲ್ಲಿಟ್ಟು, "ಅವರಿಗೆ ಇಷ್ಟವಿಲ್ಲ, ಬಿಡು. ಬೇರೆ ನೋಡೋಣ" ಅಂದ. ಬೇರೆಯದನ್ನೂ ನೋಡಿದ, ನೋಡಲಿಲ್ಲ ಎನ್ನುವಂತಿಲ್ಲ. ತುಮಕೂರಿನದೊಂದಕ್ಕೆ ಜಾತಕ ಕೂಡಲಿಲ್ಲ. ಹೈದರಾಬಾದಿನದೊಂದು ಕೂಡಿತು, ಅವರ ಬೇಡಿಕೆಗೆ ನಾವು ನಿಲ್ಲಲಿಲ್ಲ. ಒಬ್ಬನನ್ನು ನಾನೇ ಬೇಡ ಅಂದೆ. ಮಾತಾಡಿದ್ದಕ್ಕೆಲ್ಲ ಮೂಗು ಸೊಟ್ಟ ಮಾಡುತ್ತಿದ್ದ, ಏನಾದರೂ ಕೇಳಬೇಕಾ ಅಂತ ಅವನು ಕೇಳಲಿಲ್ಲ. ಹಾಗೇ ಮೂವತ್ತು ದಾಟಿತು. ಕಾಲೇಜೊಂದರ ಆಫೀಸಿನಲ್ಲಿ ನನಗೆ ಟೈಪಿಸ್ಟ್ ಕೆಲಸ ಖಾಯಮ್ಮಾಯಿತು. ಜನ ಕೇಳುವುದನ್ನು ಬಿಟ್ಟರು. ಅಣ್ಣನೂ ಇತರರಿಗೆ ಸಂಬಂಧದ ಕಾಗದ ಬರೆಯುವುದನ್ನು ಯಾವಾಗಲೋ ನಿಲ್ಲಿಸಿದ್ದ. ನಾನೂ ಯಾಕೆ ಎಂದು ಕೇಳಲಿಲ್ಲ.

ತೊಂಬತ್ತನಾಲ್ಕರಲ್ಲಿ ಅಣ್ಣನಿಗೆ ವಿಜಯವಾಡಕ್ಕೆ, ಅಂದರೆ ಅದೇ ಬೆಜವಾಡಕ್ಕೆ, ವರ್ಗವಾಯಿತು. ಅಣ್ಣ, ಅತ್ತಿಗೆ ಹೋದರು. ನಾನು ಕೆಲಸದ ಸಲುವಾಗಿ ವೈಜಾಗಿನ ಅಂಚಿನ ಪೆಂಡುರ್ತಿಯಲ್ಲಿ ಒಂದು ಕೋಣೆ ಹಿಡಿದು ಉಳಿದೆ.

ನವೆಂಬರಿನಲ್ಲಿ ಪಿಂಚಣಿಯವರೆಲ್ಲ ತಾವು ಬದುಕಿದ್ದೇವೆ ಎಂದು ಬ್ಯಾಂಕಿಗೆ ಬಂದು ಸಹಿ ಹಾಕಬೇಕು. ಆ ಸಾಲಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ಬಂದು ಅಣ್ಣನ ಮೇಜಿನ ಮುಂದೆ ನಿಂತರು. ಫಾರಂ ಮೇಲೆ ರಾಜ್ಯಲಕ್ಷ್ಮಿ ಎಂದಿತ್ತು. ಅಣ್ಣ ತಲೆ ಎತ್ತುವಷ್ಟರಲ್ಲಿ ಅವರೇ, "ಮೀರು ವೈಜಾಗ್ ಶ್ರೀಕಂಠಂ ಗಾರು ಕದಾ?" ಅಂದರು. ನೀವು ವೈಜಾಗಿನ ಶ್ರೀಕಂಠ ಅಲ್ಲವೇ ಎಂದು. ಹೆಡ್‌ಮಾಸ್ಟರು ಮೂರು ವರ್ಷದ ಹಿಂದೆ ತೀರಿಕೊಂಡಿದ್ದರು.

ಬ್ಯಾಂಕಿನ ಬೆಂಚಿನ ಮೇಲೆ ಕೂತು ಆ ತಾಯಿ ಎಲ್ಲವನ್ನೂ ಹೇಳಿದರಂತೆ. ವೈಜಾಗಿನಿಂದ ಹೋದ ಮಾರನೆಯ ದಿನವೇ ಅವರ ಮನೆಯಲ್ಲಿ ಒಪ್ಪಿಗೆಯಾಗಿತ್ತು. ನನಗೆಂದು ಮಂಗಳಗಿರಿಯ ಸೀರೆಯನ್ನೂ ಹೇಳಿಟ್ಟಿದ್ದರು. ಆಷಾಢ ಬಂತು, ಅದರ ಮೇಲೆ ಮೂಢಂ. ಮುಗಿದ ದಿನವೇ ಕಾಗದದ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಕಳಿಸೋಣ ಎಂದು ಹೆಡ್‌ಮಾಸ್ಟರು ಕಾದಿದ್ದರು. ಅಷ್ಟರಲ್ಲಿ ನಮ್ಮ ಕಾಗದ ಹೋಯಿತು. ಓದಿ, ಇದು ಸಂಬಂಧದ ಕಾಗದವೋ ಬ್ಯಾಂಕಿನ ನೋಟೀಸೋ ಎಂದು ಕೇಳಿದರಂತೆ. ಮೂಢಂನಲ್ಲಿ ಒಪ್ಪಿಗೆ ಬರೆಯಲಾರದೆ, ಗಡುವು ಕೊಟ್ಟವರಿಗೆ ಸಮಜಾಯಿಷಿ ಕೊಡಲೂ ಮನಸ್ಸಾಗದೆ ಸುಮ್ಮನಾದರು. ನಾನೇ ವೈಜಾಗಿಗೆ ಹೋಗಿ ಬರುತ್ತೇನೆ ಎಂದು ರಾಮಮೋಹನ್ ಎರಡು ಸಲ ಹೊರಟರಂತೆ. ಅವರಿಗೆ ಬೇಡವಾಗಿರುವಾಗ ನೀನು ಹೋಗಿ ಬಾಗಿಲು ತಟ್ಟುತ್ತೀಯಾ ಎಂದು ಅಪ್ಪ ತಡೆದರು. ಎರಡು ವರ್ಷದ ಮೇಲೆ ಏಲೂರಿನ ಹುಡುಗಿಯ ಜೊತೆ ಮದುವೆಯಾಯಿತು. ಈಗ ಇಬ್ಬರು ಮಕ್ಕಳು.

"ಒಕ್ಕಸಾರಿ ವಚ್ಚಿ ಉಂಟೇ ಬಾಗುಂಡೇದಿ ಬಾಬೂ" ಅಂದರಂತೆ ಎದ್ದು ಹೊರಡುವಾಗ. ಒಂದೇ ಒಂದು ಸಲ ಬಂದಿದ್ದರೆ ಚೆನ್ನಾಗಿತ್ತಪ್ಪಾ.

ಆ ಭಾನುವಾರ ಅಣ್ಣ ರೈಲು ಹತ್ತಿದ. ಏಳು ವರ್ಷದ ಹಿಂದೆ ಬೆಜವಾಡಕ್ಕೆ ಹತ್ತಬೇಕಿದ್ದ ರೈಲನ್ನು ಈಗ ಬೆಜವಾಡದಿಂದ ಹತ್ತಿ, ನನ್ನ ಕೋಣೆಗೆ ಬಂದ. ಕೊಟ್ಟ ಕಾಫಿ ಮುಟ್ಟಲಿಲ್ಲ. ಎಲ್ಲವನ್ನೂ ಒಂದೂ ಬಿಡದೆ ಹೇಳಿದ. ಹೇಳಿ, ನಲವತ್ತು ದಾಟಿದ ಆ ಗಂಡಸು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ನಿನ್ನ ಬಾಳು ಕೆಡಿಸಿದೆ ಕಣೇ. ಹನ್ನೊಂದು ಮನೆ ಕೂಡಿಸ್ದೆ, ನಿನ್ನದೊಂದು ಕೂಡಿಸೋಕಾಗ್ಲಿಲ್ಲ. ಆ ಸಾಲು ನನ್ನ ದುರ್ಬುದ್ಧಿದು. ನಂದೊಬ್ಬನ್ದೇ. ಕ್ಷಮಿಸಿಬಿಡು."

ಅಯ್ಯೋ, ಆಗ ನಾನು ಹೇಳಬೇಕಿತ್ತು. ನೀನು ತೆಗೆಯುತ್ತೇನೆ ಅಂದೆ, ನಾನೇ ಇರಲಿ ಅಂದೆ, ನೆನಪಿಲ್ಲವೇ ಎಂದು ಒಂದು ಮಾತು. ಬಾಯಿಯವರೆಗೂ ಬಂತು. ಆದರೆ ಏಲೂರಿನ ಆ ಹುಡುಗಿ, ಆ ಇಬ್ಬರು ಮಕ್ಕಳು ನನ್ನ ಕಣ್ಣ ಮುಂದೆ ನಿಂತಿದ್ದರು. ನನ್ನ ಹೊಟ್ಟೆಯ ಬೆಂಕಿಯನ್ನು ಯಾರ ಮೇಲಾದರೂ ಹಾಕಬೇಕಿತ್ತು. ಅವನು ತಾನಾಗಿಯೇ ತಲೆ ಒಡ್ಡಿ ಕೂತಿದ್ದ. ಮರೆತಿದ್ದಾನೆ, ಮರೆತೇ ಇರಲಿ ಎಂದುಕೊಂಡೆ.

"ಹೋಗ್ಲಿ ಬಿಡಣ್ಣ, ಆಗಿದ್ದಾಯ್ತು" ಎಂದು ದೊಡ್ಡ ಮನಸ್ಸಿನವಳ ಹಾಗೆ ಹೇಳಿದೆ.

ಆಮೇಲೆ ಮೂರು ವರ್ಷ ಅಣ್ಣ ತಿಂಗಳಿಗೊಮ್ಮೆ ತಪ್ಪದೆ ಪೆಂಡುರ್ತಿಗೆ ಬಂದ. ಒಂದು ಸಲ ಚಟ್ನಿಪುಡಿ, ಒಂದು ಸಲ ಫ್ಯಾನು, ಒಂದು ಸಲ ಏನೂ ಇಲ್ಲದೆ ಬರೀ ಕೈ. ತಪ್ಪು ಮಾಡಿದ ಹುಡುಗನ ಹಾಗೆ ಬಾಗಿಲಲ್ಲಿ ನಿಲ್ಲುವನು. ಬಂದಾಗಲೆಲ್ಲ ಈ ಸಲ ಹೇಳಿಬಿಡಬೇಕು ಅಂದುಕೊಳ್ಳುವೆನು. ಅವನನ್ನು ಬಸ್ಸು ಹತ್ತಿಸಿ ಬಂದ ಮೇಲೆ, ಮುಂದಿನ ತಿಂಗಳು ಅಂದುಕೊಳ್ಳುವೆನು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ನನಗೆ ಕೆಟ್ಟ ಮೇಲೂ ಬರಲಿಲ್ಲ.

ಕಳೆದ ವರ್ಷ ಸೆಪ್ಟೆಂಬರಿನಲ್ಲಿ ಬ್ಯಾಂಕಿನ ಮೆಟ್ಟಿಲ ಮೇಲೆ ಅಣ್ಣನಿಗೆ ಎದೆನೋವು ಬಂತು. ತಂತಿ ಸಿಕ್ಕಿ ನಾನು ವಿಜಯವಾಡ ತಲುಪುವಷ್ಟರಲ್ಲಿ ಮುಗಿದಿತ್ತು.

ವೈಕುಂಠ ಸಮಾರಾಧನೆಯ ದಿನ, ಬಂದವರೆಲ್ಲ ಊಟ ಮಾಡಿ ಹೋದ ಮೇಲೆ, ನಾನು ಅತ್ತಿಗೆಯ ಮುಂದೆ ಕೂತು ಅತ್ತೆ. "ಅತ್ತಿಗೇ, ಆ ಸಾಲು ತೆಗೆದುಬಿಡ್ಲಾ ಅಂತ ಅಣ್ಣ ನನ್ನನ್ನ ಕೇಳಿದ್ದ. ನಾನೇ ಇರಲಿ ಅಂದಿದ್ದೆ. ಅವನು ಮರೆತಿದ್ದ, ನಾನು ನೆನಪು ಮಾಡಲಿಲ್ಲ" ಅಂದೆ.

ಅತ್ತಿಗೆ ನನ್ನ ತಲೆಯ ಮೇಲೆ ಕೈಯಿಟ್ಟಳು.

"ಅವರೆಲ್ಲಿ ಮರೆತಿದ್ರು ಗಿರಿಜಾ? ಪೆಂಡುರ್ತಿಗೆ ಮೊದಲನೇ ಸಲ ಹೊರಟ ದಿನಾನೇ ನಂಗೆ ಹೇಳಿದ್ರು. ಅವಳನ್ನ ಕೇಳಿದ್ದೆ, ಇರಲಿ ಅಂದಿದ್ಲು, ಈಗ ಅದು ಅವಳ ನೆನಪಿಗೆ ಬಂದ್ರೆ ತನ್ನದೇ ತಪ್ಪು ಅಂತ ಕೊರಗ್ತಾಳೆ, ಅದಕ್ಕೆ ಮುಂಚೆ ನಾನೇ ಹೋಗಿ ನಂದು ಅಂತ ಒಪ್ಕೊಂಡು ಬರ್ತೀನಿ ಅಂದ್ರು. ನೀನು ಯಾವತ್ತೂ ಈ ಮಾತು ಎತ್ತಬೇಡ ಅಂತ ಆಣೇನೂ ಹಾಕಿಸ್ಕೊಂಡ್ರು."

ಅಂದರೆ ಮೂರು ವರ್ಷ, ಪ್ರತಿ ತಿಂಗಳು, ನನ್ನ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತವನಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ನನ್ನ ಹತ್ತಿರ ಕ್ಷಮೆ ಕೇಳಿದ. ನಾನು ಕ್ಷಮಿಸಿಯೂ ಬಿಟ್ಟೆ.